ನಾಗರಿಕ ಎಂಬ ಒಂದೇ ಪದ

ರಾಬರ್ಟ್ ಹೈನ್‌ಲೈನ್ ಎಂಬ ಅಮೆರಿಕದ ಲೇಖಕ 1959ರಲ್ಲಿ ಪ್ರಕಟಿಸಿದ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಎಂಬ ವೈಜ್ಞಾನಿಕ ಕಾದಂಬರಿಯನ್ನು ಕನ್ನಡಕ್ಕೆ ತರಲು ಕೈಹಾಕಿದವರು ಎರಡನೆಯ ಅಧ್ಯಾಯದಲ್ಲಿಯೇ ಒಂದು ತೊಡಕಿಗೆ ಸಿಲುಕುತ್ತಾರೆ. ಭಾಷಾಂತರದ ಪಾಠಕ್ಕೆಂದು ಅದರ ಕೆಲವು ಪುಟಗಳನ್ನು ಆರಿಸಿಕೊಂಡಾಗ ನಾನೂ ಅಲ್ಲಿಯೇ ನಿಂತೆ. ಇಡೀ ಕಾದಂಬರಿಯ ವಿಚಾರವು ‘ಸಿಟಿಜನ್’ ಮತ್ತು ‘ಸಿವಿಲಿಯನ್’ ಎಂಬ ಎರಡು ಪದಗಳ ನಡುವಣ ಅಂತರವನ್ನು ಆಧರಿಸಿದೆ. ಮೊದಲನೆಯವನಿಗೆ ಮತಾಧಿಕಾರವುಂಟು, ಎರಡನೆಯವನಿಗೆ ಇಲ್ಲ. ಆದರೆ ಕನ್ನಡದಲ್ಲಿ ಇಬ್ಬರೂ ನಾಗರಿಕರೇ. ಗಡಿಯಲ್ಲಿ ಗುಂಡಿನ ಕಾಳಗವಾದರೆ ನಮ್ಮ ಪತ್ರಿಕೆಗಳು ಇಷ್ಟು ಮಂದಿ ಯೋಧರು, ಇಷ್ಟು ಮಂದಿ ನಾಗರಿಕರು ಸತ್ತರೆಂದು ಬರೆಯುತ್ತವೆ. ಅಲ್ಲಿ ನಾಗರಿಕನೆಂದರೆ ಸೈನಿಕನಲ್ಲದವನು. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ‘ಭಾರತೀಯ ನಾಗರಿಕ’ ಎಂದಾಗ ಆ ಯೋಧನೂ ಅದರೊಳಗೆ ಸೇರುತ್ತಾನೆ. ಇಂಗ್ಲಿಷಿನ ಎರಡೂ ಪದಗಳಿಗೆ ಲ್ಯಾಟಿನ್ನಿನ ‘ಸಿವಿಸ್’ ಎಂಬ ಒಂದೇ ಮೂಲವಿದ್ದರೂ ಅವು ಬೇರೆಬೇರೆ ದಾರಿ ಹಿಡಿದವು. ನಮ್ಮಲ್ಲಿ ಕವಲೊಡೆಯಲೇ ಇಲ್ಲ.

ಬೇರೆ ಪದಗಳನ್ನು ಹುಡುಕಿದೆ. ‘ಪೌರ’ ಎಂದರೆ ಪುರದವನು. ಈ ಘನವಾದ ಪದ ಇಂದು ಬಳಕೆಯಲ್ಲಿ ಹೆಚ್ಚಾಗಿ ಉಳಿದಿರುವುದು ಪೌರಾಯುಕ್ತರಲ್ಲಿ ಮತ್ತು ಬೆಳಗಿನ ಜಾವ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ. ‘ಪ್ರಜೆ’ ಎಂಬ ಮಾತಿಗೆ ಸಂಸ್ಕೃತದಲ್ಲಿ ಮೂಲಾರ್ಥ ಸಂತಾನ, ಹುಟ್ಟಿದ ಮಗು. ಅರಸನ ಆಳ್ವಿಕೆಗೆ ಒಳಪಟ್ಟವನೆಂಬ ಅರ್ಥ ಆಮೇಲೆ ಬಂದುದು. ಈ ಮೂರರಲ್ಲಿ ಯಾವುದರಲ್ಲಿಯೂ ‘ಗಳಿಸಿದ್ದು’ ಎಂಬ ಸೂಚನೆಯಿಲ್ಲ. ಊರಿನಲ್ಲಿರುವುದು, ಹುಟ್ಟಿಬರುವುದು, ಇಷ್ಟೇ ಇವುಗಳ ಬಂಡವಾಳ. ಹೈನ್‌ಲೈನನ ಲೋಕದಲ್ಲಿ ಪೌರತ್ವವು ಗಳಿಕೆಯ ವಸ್ತು. ಆದುದರಿಂದ ಆ ಪುಟಗಳನ್ನು ಭಾಷಾಂತರಕ್ಕೆ ಕೊಡುವುದನ್ನು ಕೈಬಿಟ್ಟು, ಅವನ್ನು ಓದಿ ಚರ್ಚಿಸುವುದಕ್ಕೆ ಮಾತ್ರ ಇಟ್ಟುಕೊಂಡೆ.

ಕಾದಂಬರಿಯನ್ನು ಓದದವರಿಗಾಗಿ ಅದರ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸರ್ಕಾರಗಳು ಕುಸಿದು ಬಿದ್ದವು. ಸ್ಕಾಟ್ಲೆಂಡಿನ ಆಬರ್ಡೀನ್ ನಗರದಲ್ಲಿ ಯುದ್ಧದಿಂದ ಮರಳಿದ ಕೆಲವು ಮಾಜಿ ಸೈನಿಕರು ದೊಂಬಿ, ಲೂಟಿಗಳನ್ನು ನಿಲ್ಲಿಸಲು ತಾವೇ ಒಂದು ಸಮಿತಿ ಮಾಡಿಕೊಂಡರು. ತಮ್ಮಂಥವರಲ್ಲದೆ ಬೇರೆಯವರನ್ನು ಅದರೊಳಗೆ ಬಿಟ್ಟುಕೊಳ್ಳಲಿಲ್ಲ. ಅದೇ ಮುಂದೆ ಇಡೀ ಭೂಮಿಯ ರಾಜ್ಯಪದ್ಧತಿಯಾಯಿತು. ಕನಿಷ್ಠ ಎರಡು ವರ್ಷ ಸರ್ಕಾರದ ಸೇವೆ ಸಲ್ಲಿಸಿ, ಗೌರವದಿಂದ ಬಿಡುಗಡೆಯಾದವನಿಗೆ ಮತಾಧಿಕಾರ ಮತ್ತು ಅಧಿಕಾರ ಸ್ಥಾನಗಳು. ಉಳಿದವರಿಗೆ ವ್ಯಾಪಾರ, ವಿದ್ಯೆ, ಮಾತಿನ ಸ್ವಾತಂತ್ರ್ಯ ಎಲ್ಲವೂ ಉಂಟು, ಮತವೊಂದಿಲ್ಲ. ಸೇವೆಯಲ್ಲಿ ಇರುವಷ್ಟು ಕಾಲ ಸೈನಿಕನಿಗೂ ಮತವಿಲ್ಲ. ಯಾರನ್ನೂ ಬಲವಂತವಾಗಿ ಸೇರಿಸುವಂತಿಲ್ಲ. ಪ್ರತಿಜ್ಞೆಯ ಅರ್ಥ ತಿಳಿಯಬಲ್ಲ ಯಾರನ್ನೂ ತಿರಸ್ಕರಿಸುವಂತಿಲ್ಲ. ಕಣ್ಣಿಲ್ಲದವನು ಗಾಲಿಕುರ್ಚಿಯಲ್ಲಿ ಬಂದರೂ ಅವನಿಗೊಪ್ಪುವ ಏನಾದರೊಂದು ಕೆಲಸವನ್ನು ಹುಡುಕಿ ಕೊಡಲೇಬೇಕು.

ನೇಮಕಾತಿ ಕಚೇರಿಯ ಮೇಜಿನ ಹಿಂದೆ ಕುಳಿತ ಸಾರ್ಜೆಂಟನಿಗೆ ಎರಡು ಕಾಲುಗಳೂ ಒಂದು ಕೈಯೂ ಇಲ್ಲ. ಬಂದ ಹುಡುಗರು ಆ ದೇಹವನ್ನು ನೋಡಿ, ಹೆದರಿ, ಹಿಂದಿರುಗಲೆಂದೇ ಅವನನ್ನು ಅಲ್ಲಿ ಕೂರಿಸಲಾಗಿದೆ. ಕೆಲಸದ ವೇಳೆ ಮುಗಿದ ಮೇಲೆ ಅವನು ಕೃತಕ ಕೈಕಾಲುಗಳನ್ನು ಧರಿಸಿ ಎಲ್ಲರಂತೆ ನಡೆದು ಹೋಗುತ್ತಾನೆ. ಈ ಒಂದು ವಿವರಕ್ಕಾಗಿ ನಾನು ಹೈನ್‌ಲೈನನನ್ನು ಕಾದಂಬರಿಕಾರನೆಂದು ಗೌರವಿಸುತ್ತೇನೆ. ಅವನನ್ನು ಸರ್ವಾಧಿಕಾರದ ಭಾಟನೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ವಿಮರ್ಶಕರು ಆ ಸಾರ್ಜೆಂಟನನ್ನು ಸರಿಯಾಗಿ ನೋಡಿಲ್ಲ.

ಹೈನ್‌ಲೈನ್ ಸ್ವತಃ ನೌಕಾಪಡೆಯ ಅಧಿಕಾರಿಯಾಗಿದ್ದವನು. 1929ರಲ್ಲಿ ಅನಾಪೊಲಿಸ್ಸಿನ ನೌಕಾ ಅಕಾಡೆಮಿಯಿಂದ ಹೊರಬಂದು, ಕ್ಷಯರೋಗದಿಂದಾಗಿ 1934ರಲ್ಲಿಯೇ ನಿವೃತ್ತನಾದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫಿಲಡೆಲ್ಫಿಯದ ನೌಕಾ ಕೇಂದ್ರದಲ್ಲಿ ಎಂಜಿನಿಯರಾಗಿ ದುಡಿದ, ಸಮವಸ್ತ್ರವಿಲ್ಲದೆ. ಅವನದೇ ಕಾದಂಬರಿಯ ಭಾಷೆಯಲ್ಲಿ ಹೇಳುವುದಾದರೆ ಆಗ ಅವನು ‘ಸಿವಿಲಿಯನ್’. 1958ರ ವಸಂತದಲ್ಲಿ ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಒಂದು ಸಂಘಟನೆಯವರು ಪತ್ರಿಕೆಯಲ್ಲಿ ಜಾಹೀರಾತು ಹಾಕಿದಾಗ ಅವನು ಕೆರಳಿ, ತನ್ನ ಖರ್ಚಿನಲ್ಲಿಯೇ ಪ್ರತಿಜಾಹೀರಾತು ಹಾಕಿಸಿದ. ಬರೆಯುತ್ತಿದ್ದ ಇನ್ನೊಂದು ಕಾದಂಬರಿಯನ್ನು ಬದಿಗಿಟ್ಟು ಇದನ್ನು ಬರೆದ. ಅವನ ಬಾಲಕಾದಂಬರಿಗಳನ್ನು ವರ್ಷ ವರ್ಷ ಪ್ರಕಟಿಸುತ್ತ ಬಂದಿದ್ದ ಸ್ಕ್ರಿಬ್ನರ್ಸ್ ಸಂಸ್ಥೆ ಇದನ್ನು ಬೇಡವೆಂದಿತು. ಬೇರೆಯವರು ಪ್ರಕಟಿಸಿದರು, 1960ರಲ್ಲಿ ಅದಕ್ಕೆ ಹ್ಯೂಗೊ ಪ್ರಶಸ್ತಿ ಬಂತು.

ಮಾಜಿ ಸೈನಿಕರಿಗಷ್ಟೇ ಮತವೇಕೆ? ಕಾದಂಬರಿಯಲ್ಲಿ ಅಧಿಕಾರಿಗಳ ತರಬೇತಿಯ ತರಗತಿಯಲ್ಲಿ ಈ ಪ್ರಶ್ನೆ ಬರುತ್ತದೆ. ಅವರು ಹೆಚ್ಚು ಬುದ್ಧಿವಂತರೆಂದೇ? ಅಲ್ಲ. ಹೆಚ್ಚು ಶಿಸ್ತಿನವರೆಂದೇ? ಅದೂ ಅಲ್ಲ, ಅವರಲ್ಲಿಯೂ ಅಪರಾಧಿಗಳಿದ್ದಾರೆ. ಮೇಷ್ಟ್ರು ಒಂದೊಂದೇ ಉತ್ತರವನ್ನು ಹೊಡೆದುಹಾಕಿ, ಕೊನೆಗೆ ತಮ್ಮ ಹಿತಕ್ಕಿಂತ ಸಮುದಾಯದ ಹಿತವನ್ನು ಮೇಲಿಟ್ಟುದನ್ನು ಅವರು ಒಮ್ಮೆಯಾದರೂ ಮೈಯಿಂದ ತೋರಿಸಿಕೊಟ್ಟಿದ್ದಾರೆ ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಪಾಠ ಹೇಳುವ ಕಲೆ ಬಲ್ಲವನು ಬರೆದ ಅಧ್ಯಾಯವಿದು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದರ ಸೊಗಸೂ ಕಾಣುತ್ತದೆ, ತಂತ್ರವೂ ಕಾಣುತ್ತದೆ: ಆ ತರಗತಿಯಲ್ಲಿರುವವರೆಲ್ಲ ಸೇವೆಯಲ್ಲಿರುವವರೇ, ಎದ್ದುನಿಂತು ‘ನನ್ನ ಅಮ್ಮನಿಗೇಕೆ ಮತವಿಲ್ಲ’ ಎಂದು ಕೇಳುವ ವಿದ್ಯಾರ್ಥಿ ಅಲ್ಲಿಲ್ಲ.

ನನ್ನ ತರಗತಿಯಲ್ಲಿ ಈ ವಿಚಾರವನ್ನು ಮೆಚ್ಚಿದವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ. ನಮ್ಮದು ಬೆಳಗಾವಿ ಸೀಮೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಸುಮಾರು ನೂರು ವರ್ಷಗಳಿಂದ ಬೆಳಗಾವಿಯಲ್ಲಿದೆ. ಸೇನಾ ಭರ್ತಿ ಹತ್ತಿರವಾದಾಗ ನಮ್ಮ ಹಳ್ಳಿಗಳ ಹುಡುಗರು ನಸುಕಿನ ನಾಲ್ಕು ಗಂಟೆಗೆದ್ದು ಡಾಂಬರು ರಸ್ತೆಯಲ್ಲಿ ಓಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವನೂ ಓಡಿ ಬಂದು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವವನು. ಅಂದು ತೂಕಡಿಸಲಿಲ್ಲ. “ಇದು ಬರೋಬ್ಬರಿ ಐತ್ರಿ ಸರ್. ನಮ್ಮೂರಾಗ ಪಂಚಾಯಿತಿ ಇಲೆಕ್ಷನ್‌ದಾಗ ಒಂದು ಓಟಿಗೆ ಎಷ್ಟು ರೇಟ್ ಅಂತ ಸಣ್ಣ ಹುಡುಗರಿಗೂ ಗೊತ್ತೈತ್ರಿ. ಪುಕ್ಕಟ ಸಿಕ್ಕಿದ್ದನ್ನ ಮಾರತಾರ್ರೀ. ದುಡದು ಗಳಿಸಿದ್ದರ ಮಾರತಿದ್ದಿಲ್ಲ” ಎಂದ.

ಅವನ ಮಾತಿನಲ್ಲಿ ಹುಸಿಯಿಲ್ಲ. ಹೈನ್‌ಲೈನನೂ ಬಹುಮಟ್ಟಿಗೆ ಇದನ್ನೇ ಹೇಳುತ್ತಾನೆ: ಬೆಲೆ ಕೊಡದೆ ಬಂದ ವಸ್ತುವಿಗೆ ಬೆಲೆಯಿಲ್ಲ. ಇಂಥ ಮಾತಿಗೆ ಸಂವಿಧಾನದ ಪುಸ್ತಕವನ್ನು ತೋರಿಸಿ ಬಾಯಿ ಮುಚ್ಚಿಸುವುದು ಅಧ್ಯಾಪಕನ ಕೆಲಸವಲ್ಲ. ನಾನು ಅವನಿಗೆ ಅದೇ ಕಾದಂಬರಿಯ ಇನ್ನೊಂದು ಅಧ್ಯಾಯವನ್ನು ಓದಲು ಕೊಟ್ಟೆ.

ಅದು ಹೆಂಡ್ರಿಕ್ ಎಂಬ ಸೈನಿಕನ ಕಥೆ. ತರಬೇತಿ ಶಿಬಿರದ ರಾತ್ರಿಯ ಕವಾಯತಿನಲ್ಲಿ ‘ಅಲುಗಾಡಬೇಡ’ ಎಂಬ ಆಜ್ಞೆಯಾಗಿದೆ. ಹೆಂಡ್ರಿಕ್ ಬಿದ್ದದ್ದು ಇರುವೆಗೂಡಿನ ಮೇಲೆ. ಅವನು ಅಲುಗಾಡಿದ. ಸಾರ್ಜೆಂಟ್ ಜಿಮ್ ಬಂದು ಅವನನ್ನು ನೆಲಕ್ಕೆ ಕೆಡವಿದ. ಹೆಂಡ್ರಿಕ್ ತಿರುಗಿ ಹೊಡೆದ. ವಿಚಾರಣೆಗೆ ನಿಂತಾಗ ಸಾರ್ಜೆಂಟನ ಕಣ್ಣು ಕಪ್ಪಾಗಿದೆ. ಆದರೂ ಅವನು ಆ ಮಾತು ಎತ್ತುವುದಿಲ್ಲ. ಸಣ್ಣ ಶಿಕ್ಷೆ ಕೊಟ್ಟು ಕಳುಹಿಸಿಬಿಡಲು ಕ್ಯಾಪ್ಟನನೂ ಸಿದ್ಧನಿದ್ದಾನೆ. ಹೆಂಡ್ರಿಕ್ ಸುಮ್ಮನಿರಲಾರದೆ, ತಾನು ಹೊಡೆದದ್ದನ್ನು ತಾನೇ ಬಾಯಿಬಿಟ್ಟು ಹೇಳುತ್ತಾನೆ. ಒಮ್ಮೆ ಅದು ದಾಖಲೆಗೆ ಬಂದ ಮೇಲೆ ಯಾರ ಕೈಯಲ್ಲಿಯೂ ಏನೂ ಉಳಿಯುವುದಿಲ್ಲ. ಹತ್ತು ಚಾಟಿಯೇಟು, ಅವಮಾನದ ಬಿಡುಗಡೆ. ಆ ರಾತ್ರಿ ಕ್ಯಾಪ್ಟನೂ ಸಾರ್ಜೆಂಟನೂ ತಪ್ಪು ತಮ್ಮದೇ ಎಂದು ಗೋಳಾಡಿಕೊಳ್ಳುವುದನ್ನು ಕಥಾನಾಯಕ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಶಿಕ್ಷಿಸಿದವರ ಸಂಕಟವನ್ನು ಇಷ್ಟು ಚೆನ್ನಾಗಿ ಬರೆದ ಹೈನ್‌ಲೈನ್ ಹೆಂಡ್ರಿಕ್ಕನ ಬಗ್ಗೆ ಒಂದೇ ಒಂದು ವಿವರ ಕೊಡುತ್ತಾನೆ. ಸೇವೆ ಮುಗಿಸಿ ರಾಜಕೀಯಕ್ಕಿಳಿಯಬೇಕೆಂಬುದು ಆ ಹುಡುಗನ ಆಸೆ. ತನಗೆ ಪೌರತ್ವ ಬಂದ ಮೇಲೆ ಕೆಲವು ಬದಲಾವಣೆಗಳನ್ನು ಮಾಡುತ್ತೇನೆಂದು ಜೊತೆಯವರೊಡನೆ ಹೇಳಿಕೊಳ್ಳುತ್ತಿದ್ದ. ಈಗ ಸಾಯುವವರೆಗೆ ಅವನಿಗೆ ಮತವಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಕಾದಂಬರಿಯ ಕೀಲು ಇರುವುದು ಇಲ್ಲಿ. ಲೇಖಕ ಅದರ ಮೇಲೆ ಕೈಯಿಟ್ಟೂ ತಿರುಗಿಸದೆ ಮುಂದೆ ಹೋಗಿದ್ದಾನೆ. ಸೇವೆ ದೊಡ್ಡದೋ ಅಲ್ಲವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಸೇವೆ ಸಲ್ಲಿತೆಂದು ಬರೆದುಕೊಡುವವರು ಯಾರು? ಮತವು ಸೇವೆಗೆ ಸಿಗುವ ಸಂಬಳವಾದರೆ, ಸಂಬಳ ಬಟವಾಡೆ ಮಾಡುವ ಒಬ್ಬ ಗುಮಾಸ್ತನಿರುತ್ತಾನೆ. ಅವನ ಮುಂದೆ ಒಂದು ಖಾತೆಪುಸ್ತಕವಿರುತ್ತದೆ. ಬದಲಾವಣೆ ಬಯಸಿದ ಹುಡುಗನ ಹೆಸರಿಗೆ ಅದರಲ್ಲಿ ಗೀಟು ಬೀಳಲು ಒಂದು ಇರುವೆಗೂಡು ಸಾಕಾಯಿತು. ಸೇವೆಯವರಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಮಂದಿ ಸೈನ್ಯಕ್ಕೆ ಸೇರದ ಬೇರೆ ಕೆಲಸಗಳವರೆಂದು ಹೈನ್‌ಲೈನ್ 1980ರಲ್ಲಿ ಸಮಜಾಯಿಷಿ ನೀಡಿದ. ಕಾದಂಬರಿಯ ಪುಟಗಳು ಆ ಮಾತಿಗೆ ಅಷ್ಟಾಗಿ ಒತ್ತಾಸೆ ಕೊಡುವುದಿಲ್ಲ. ಕೊಟ್ಟರೂ ಗುಮಾಸ್ತನೇನೂ ಬದಲಾಗುವುದಿಲ್ಲ.

ಹೈನ್‌ಲೈನನ ಕಥಾನಾಯಕ ಹ್ವಾನ್ ರಿಕೊ ಎಂಬ ತರುಣ. ಕಾದಂಬರಿಯ ಕೊನೆಯ ಭಾಗದಲ್ಲಿ ಮಾತಿನ ನಡುವೆ, ತನ್ನ ಮನೆಮಾತು ತಗಾಲೊಗ್ ಎಂದು ಅವನು ಹೇಳುತ್ತಾನೆ. ಆವರೆಗೂ ಅವನನ್ನು ಬಿಳಿಯ ಅಮೆರಿಕನ್ನನೆಂದು ಭಾವಿಸಿ ಓದುತ್ತ ಬಂದವರು ಅಲ್ಲಿ ತಡೆದು ನಿಲ್ಲುತ್ತಾರೆ. ಅವನು ಫಿಲಿಪೀನಿನವನು. ಯುದ್ಧನೌಕೆಯೊಂದಕ್ಕೆ ರಮೋನ್ ಮಗ್ಸಾಯ್‌ಸಾಯ್ ಹೆಸರಿಡಬೇಕೆಂದು ಆಸೆಪಡುತ್ತಾನೆ. ನಮ್ಮವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯ ಮೂಲಕ ಪರಿಚಿತವಾದ ಹೆಸರು ಅದೇ. 1959ರಲ್ಲಿ ಒಬ್ಬ ಏಷ್ಯಾದವನನ್ನು ನಾಯಕನನ್ನಾಗಿ ಮಾಡಿದುದು ಧೈರ್ಯದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. 1997ರಲ್ಲಿ ಪಾಲ್ ವೆರ್ಹೂವೆನ್ ಈ ಕಾದಂಬರಿಯನ್ನು ಲೇವಡಿ ಮಾಡಲೆಂದೇ ಚಲನಚಿತ್ರವಾಗಿಸಿದಾಗ ಫಿಲಿಪೀನಿನ ಈ ಹುಡುಗನನ್ನು ತೆಗೆದು, ಬ್ಯೂನಸ್ ಐರಿಸ್ಸಿನ ಬಿಳಿಯ ಯುವಕನನ್ನಾಗಿಸಿದ. ಲೇವಡಿ ಮಾಡಿದವನೇ ಕಾದಂಬರಿಯ ಉದಾರವಾದ ಒಂದು ಗೆರೆಯನ್ನು ಅಳಿಸಿದ್ದು ವಿಚಿತ್ರ.

ಆದರೆ ಫಿಲಿಪೀನಿನವರನ್ನು ಕುರಿತ ಚರಿತ್ರೆಯ ಸಂಗತಿಯನ್ನು ಈ ಕಾದಂಬರಿಯ ಪಕ್ಕದಲ್ಲಿಟ್ಟು ನೋಡಬೇಕು. 1941ರ ಜುಲೈ 26ರಂದು ಅಧ್ಯಕ್ಷ ರೂಸ್‌ವೆಲ್ಟ್ ಆಜ್ಞೆ ಹೊರಡಿಸಿ ಫಿಲಿಪೀನಿನ ಸೇನೆಯನ್ನು ಅಮೆರಿಕದ ಸೇವೆಗೆ ತೆಗೆದುಕೊಂಡ. ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮಂದಿ ಆ ಬಾವುಟದ ಕೆಳಗೆ ಜಪಾನಿನ ವಿರುದ್ಧ ಹೋರಾಡಿದರು. ಯುದ್ಧದಲ್ಲಿ ಸೇವೆ ಸಲ್ಲಿಸಿದ ಪರದೇಶೀಯರಿಗೆ ಅಮೆರಿಕದ ಪೌರತ್ವ ಪಡೆಯುವ ಅವಕಾಶವನ್ನು 1942ರ ಕಾನೂನು ಕೊಟ್ಟಿತ್ತು. ಯುದ್ಧ ಮುಗಿದೊಡನೆ, 1945ರ ಅಕ್ಟೋಬರಿನಲ್ಲಿ, ಅರ್ಜಿ ಸ್ವೀಕರಿಸಬೇಕಾಗಿದ್ದ ಅಧಿಕಾರಿಯನ್ನು ಮನಿಲಾದಿಂದ ವಾಪಸು ಕರೆಸಿಕೊಂಡರು. ಮುಂದಿನ ವರ್ಷ ಆಗಸ್ಟಿನವರೆಗೆ ಆ ಕುರ್ಚಿ ಖಾಲಿ. ಅದೇ ವರ್ಷದ ಕೊನೆಗೆ ಕಾನೂನಿನ ಅವಧಿಯೂ ತೀರಿತು. ಈ ನಡುವೆ 1946ರ ಫೆಬ್ರವರಿಯಲ್ಲಿ ಟ್ರೂಮನ್ ಸಹಿ ಹಾಕಿದ ಇನ್ನೊಂದು ಕಾನೂನು, ಅವರಲ್ಲಿ ಬಹುತೇಕರ ಸೇವೆಯನ್ನು ಮಾಜಿ ಸೈನಿಕರ ಸವಲತ್ತುಗಳ ಲೆಕ್ಕಕ್ಕೆ ಅಮೆರಿಕದ ಸೈನಿಕ ಸೇವೆಯೇ ಅಲ್ಲವೆಂದು ಘೋಷಿಸಿತು. ಬಟಾನಿನಲ್ಲಿ ನಡೆದವರು ನಡೆದಿರಲಿಲ್ಲವೆಂದು ಖಾತೆಪುಸ್ತಕ ಹೇಳಿತು. ಸ್ವತಃ ಗೆರಿಲ್ಲಾ ಹೋರಾಟಗಾರನಾಗಿದ್ದ ಮಗ್ಸಾಯ್‌ಸಾಯ್ ತನ್ನ ಸಂಗಡಿಗರ ಸವಲತ್ತುಗಳಿಗಾಗಿ ವಾಷಿಂಗ್ಟನ್ನಿಗೆ ಹೋಗಿ ವಾದಿಸಬೇಕಾಯಿತು. ಪೌರತ್ವದ ಬಾಗಿಲು ತೆರೆದದ್ದು 1990ರಲ್ಲಿ. ಇಪ್ಪತ್ತರ ಹರೆಯದಲ್ಲಿ ಬಂದೂಕು ಹಿಡಿದವರು ಆಗ ಎಪ್ಪತ್ತರ ಅಂಚಿನಲ್ಲಿದ್ದರು. 2009ರಲ್ಲಿ ಒಂದು ಬಾರಿಯ ಪರಿಹಾರವೆಂದು ಅಮೆರಿಕದ ಪೌರರಾದವರಿಗೆ 15,000 ಡಾಲರ್, ಆಗದವರಿಗೆ 9,000 ಡಾಲರ್ ನಿಗದಿಯಾಯಿತು. ಒಂದೇ ಯುದ್ಧ, ಒಂದೇ ಕಂದಕ, ಎರಡು ದರ.

ರಿಕೊನ ಅಜ್ಜಂದಿರ ಕಥೆ ಇದು. ಹೈನ್‌ಲೈನ್ ಬರೆಯುವ ಹೊತ್ತಿಗೆ ಆ 1946ರ ಕಾನೂನಿಗೆ ಹದಿಮೂರು ವರ್ಷ. ಸೇವೆಗೆ ಪೌರತ್ವವೆಂಬ ಒಪ್ಪಂದವನ್ನು ಎತ್ತಿಹಿಡಿಯಲು, ಆ ಒಪ್ಪಂದವನ್ನು ನಂಬಿ ಮೋಸಹೋದ ಜನಾಂಗದಿಂದಲೇ ಅವನು ನಾಯಕನನ್ನು ಆರಿಸಿದ. ಕಾದಂಬರಿಯಲ್ಲಿ ಅದರ ನೆರಳೂ ಇಲ್ಲ. ಅಮೆರಿಕದ ಒಳಗೂ ಕಥೆ ಬೇರೆಯಾಗಿರಲಿಲ್ಲ. ನಾರ್ಮಂಡಿಯ ಕಾರ್ಯಾಚರಣೆಯಲ್ಲಿ ಸೇವೆ ಸಲ್ಲಿಸಿ ಮರಳಿದ ಮೆಡ್ಗರ್ ಎವರ್ಸ್ ಎಂಬ ಕಪ್ಪು ತರುಣ 1946ರಲ್ಲಿ ಮಿಸಿಸಿಪ್ಪಿಯ ಡೆಕೇಟರಿನಲ್ಲಿ ಮತ ಹಾಕಲು ಹೋದಾಗ, ಬಂದೂಕು ಹಿಡಿದ ಬಿಳಿಯರು ಅವನನ್ನೂ ಅವನ ಗೆಳೆಯರನ್ನೂ ತಡೆದು ಹಿಂದಕ್ಕೆ ಕಳುಹಿಸಿದರು.

ಹಳಗನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಜೋಳವಾಳಿಯ ನೆನಪಾಗಬಹುದು. ಉಂಡ ಜೋಳದ ಋಣವನ್ನು ರಣದಲ್ಲಿ ತೀರಿಸುವುದು ಜೋಳವಾಳಿ. ಒಡೆಯನೊಡನೆ ಸಾಯುವೆನೆಂಬ ಭಾಷೆ ವೇಳೆವಾಳಿ. ಸತ್ತ ವೀರನ ಕುಟುಂಬಕ್ಕೆ ಒಡೆಯನು ಬಿಟ್ಟುಕೊಡುವ ಭೂಮಿ ನೆತ್ತರುಗೊಡಗೆ. ಪಂಪ ಕವಿಯೂ ಹೌದು, ಕಲಿಯೂ ಹೌದು. ಅವನ ಕರ್ಣನಿಗೆ ಈ ಋಣದ ಭಾರ ಚೆನ್ನಾಗಿ ಗೊತ್ತು. ಆದರೆ ಆ ಲೆಕ್ಕ ಆಳು ಮತ್ತು ಅರಸನ ನಡುವಿನದು. ಆಳು ತಾನು ಅರಸನನ್ನು ಆರಿಸುವೆನೆಂದು ಎಲ್ಲಿಯೂ ಕೇಳಲಿಲ್ಲ. ಅರಸನೂ ಹಾಗೆಂದು ಮಾತು ಕೊಡಲಿಲ್ಲ. ನಮ್ಮ ವೀರಗಲ್ಲುಗಳನ್ನು ಇಂದಿನ ಪೌರತ್ವದ ವಾದಕ್ಕೆ ಸಾಕ್ಷಿಯಾಗಿ ಎಳೆತರುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ನಮ್ಮ ನಾಡಿನಲ್ಲಿ ಹೈನ್‌ಲೈನನ ಕಾನೂನು ನಿಜವಾಗಿಯೂ ಜಾರಿಯಲ್ಲಿದ್ದುದು ಬಹಳ ಹಿಂದೆಯಲ್ಲ. 1935ರ ಭಾರತ ಸರ್ಕಾರದ ಕಾಯಿದೆಯ ಆರನೆಯ ಅನುಸೂಚಿಯನ್ನು ತೆರೆದು ನೋಡಿದರೆ ಯಾರು ಮತದಾರರೆಂಬ ದೊಡ್ಡ ಪಟ್ಟಿ ಸಿಗುತ್ತದೆ: ಕಂದಾಯ ಕಟ್ಟುವವರು, ಆಸ್ತಿಯುಳ್ಳವರು, ಇಂತಿಷ್ಟು ಓದಿದವರು, ಹಾಗೂ ಸಾಮ್ರಾಟರ ಸೇನೆಯಿಂದ ನಿವೃತ್ತರಾದ, ಪಿಂಚಣಿ ಪಡೆಯುವ ಇಲ್ಲವೆ ಬಿಡುಗಡೆಯಾದ ಸೈನಿಕರು. ಅಂಥ ಸೈನಿಕನ ಪಿಂಚಣಿ ಪಡೆಯುವ ವಿಧವೆಗೂ ತಾಯಿಗೂ ಮತವಿತ್ತು. ಆಗ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. 1937ರ ಚುನಾವಣೆ ಇಲ್ಲಿ ನಡೆದದ್ದು ಈ ಪಟ್ಟಿಯ ಪ್ರಕಾರ.

ಈ ಅನುಸೂಚಿಯನ್ನು ಓದುವುದಕ್ಕೆ ಎಷ್ಟೋ ವರ್ಷ ಮೊದಲು ಅದರ ಸಾರವನ್ನು ನಾನು ನಮ್ಮ ಅಜ್ಜಿಯಿಂದ ಕೇಳಿದ್ದೆ. ನಮ್ಮ ಓಣಿಯಲ್ಲಿ ಪೆನ್ಶನ್ ಕಾಕು ಎಂದು ಕರೆಯಲಾಗುತ್ತಿದ್ದ ಒಬ್ಬ ವಿಧವೆ ಇದ್ದರಂತೆ. ಅವರ ಗಂಡ ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಕ್ಕೆ ಹೋಗಿ ಮರಳಲಿಲ್ಲ. ಆ ಚುನಾವಣೆಯ ದಿನ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿರುವಾಗ ಅವರೊಬ್ಬರೇ ಸೆರಗು ಹೊದ್ದು ಚಾವಡಿಯತ್ತ ನಡೆದರಂತೆ. “ಅಕಿಗೆ ಗಂಡನ್ನ ಕೊಟ್ಟು ಓಟು ಬಂತು. ನನಗ ಪುಕ್ಕಟ ಬಂತು ನೋಡು, ಐವತ್ತೆರಡರಾಗ” ಎಂದು ಅಜ್ಜಿ ಹೇಳುತ್ತಿದ್ದರು. ಪುಕ್ಕಟೆ ಬಂದುದೆಂದು ಅದನ್ನು ಕಡೆಗಣಿಸಿದವರಲ್ಲ; ತೊಂಬತ್ತರ ಹತ್ತಿರ ಹತ್ತಿರದವರೆಗೂ ಶಾಲೆಯ ಮತಗಟ್ಟೆಗೆ ನಡೆದೇ ಹೋಗುತ್ತಿದ್ದರು. ಯಾರಿಗೆ ಹಾಕಿದಿರಿ ಎಂದರೆ ಅಜ್ಜನಿಗೂ ಹೇಳುತ್ತಿರಲಿಲ್ಲವಂತೆ.

1935ರ ಕಾಯಿದೆಯಡಿ ಮತ ಪಡೆದವರು ಮೂರು, ಮೂರೂವರೆ ಕೋಟಿ. 1951–52ರ ಮೊದಲ ಮಹಾಚುನಾವಣೆಯ ಪಟ್ಟಿಯಲ್ಲಿದ್ದವರು 17 ಕೋಟಿಗೂ ಹೆಚ್ಚು. ಇವರಲ್ಲಿ ಬಹುಪಾಲು ಅಕ್ಷರ ಬಾರದವರು. ಸಂಬಳವಾಗಿದ್ದ ಮತವು ಹುಟ್ಟಿನೊಂದಿಗೆ ಬರುವುದಾಯಿತು. ಸೈನಿಕನಿಂದ ಅದನ್ನು ಕಿತ್ತುಕೊಂಡು ಬೇರೆಯವರಿಗೆ ಹಂಚಿದ್ದೂ ಅಲ್ಲ. ಹೈನ್‌ಲೈನನ ಸೈನಿಕನು ಸೇವೆಯಲ್ಲಿರುವಾಗ ಮತ ಹಾಕುವಂತಿಲ್ಲ. ನಮ್ಮ ಸೈನಿಕನು ಅಂಚೆಯ ಮೂಲಕ, 2003ರಿಂದ ಈಚೆಗೆ ಬಯಸಿದರೆ ಪ್ರತಿನಿಧಿಯ ಮೂಲಕವೂ, ಕಾವಲಿನಲ್ಲಿದ್ದುಕೊಂಡೇ ಹಾಕಬಹುದು. ಕೊನೆಯ ಬೆಂಚಿನ ಹುಡುಗ ಈಗ ಉತ್ತರದ ಗಡಿಯಲ್ಲೆಲ್ಲೋ ಇದ್ದಾನೆ. ಕಳೆದ ಚುನಾವಣೆಯಲ್ಲಿ ಅಂಚೆಮತ ಕಳುಹಿಸಿದೆನೆಂದು ಫೋನಿನಲ್ಲಿ ಹೇಳಿದ. ಓಟಿನ ರೇಟಿನ ಬಗ್ಗೆ ಅವನ ಅಭಿಪ್ರಾಯವೇನೂ ಬದಲಾದಂತಿಲ್ಲ, ನಾನೂ ಕೆದಕಲಿಲ್ಲ.

ಹೈನ್‌ಲೈನನಿಗೆ ಸಲ್ಲಬೇಕಾದ ಉತ್ತರವನ್ನು ವಿಮರ್ಶಕರಿಗಿಂತ ಚೆನ್ನಾಗಿ ಕೊಟ್ಟವನು ಇನ್ನೊಬ್ಬ ಕಾದಂಬರಿಕಾರ. 1968ರ ಜೂನ್ ತಿಂಗಳ ‘ಗ್ಯಾಲಕ್ಸಿ’ ಪತ್ರಿಕೆಯಲ್ಲಿ ಎದುರುಬದುರು ಪುಟಗಳಲ್ಲಿ ಎರಡು ಜಾಹೀರಾತುಗಳು ಬಂದವು. ಒಂದು ವಿಯೆಟ್ನಾಂ ಯುದ್ಧವನ್ನು ಬೆಂಬಲಿಸಿ, ಇನ್ನೊಂದು ವಿರೋಧಿಸಿ. ಎರಡರಲ್ಲಿಯೂ ವಿಜ್ಞಾನಕಥೆಗಾರರ ಸಹಿಗಳು. ಬೆಂಬಲದ ಪುಟದಲ್ಲಿ ಹೈನ್‌ಲೈನ್, ಪೌಲ್ ಆ್ಯಂಡರ್ಸನ್. ವಿರೋಧದಲ್ಲಿ ಅಸಿಮೋವ್, ಬ್ರಾಡ್‌ಬರಿ, ಅರ್ಸುಲಾ ಲೆ ಗ್ವಿನ್. ಆ ವರ್ಷ ಜೋ ಹಾಲ್ಡಮನ್ ಎಂಬ ತರುಣ ಯಾವ ಪುಟದಲ್ಲಿಯೂ ಇರಲಿಲ್ಲ. ಭೌತವಿಜ್ಞಾನ, ಖಗೋಳವಿಜ್ಞಾನಗಳಲ್ಲಿ ಪದವಿ ಪಡೆದ ಕೂಡಲೇ, 1967ರಲ್ಲಿ, ಕಡ್ಡಾಯ ಸೇವೆಗೆ ಕರೆ ಬಂದು ವಿಯೆಟ್ನಾಂಗೆ ಹೋಗಿದ್ದ. 1968ರಲ್ಲಿ ತೀವ್ರವಾಗಿ ಗಾಯಗೊಂಡ. ಅವನ ಜೊತೆಯಲ್ಲಿ ಹೋರಾಡಿದ ಎಷ್ಟೋ ಹುಡುಗರಿಗೆ ಮತವೂ ಇರಲಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸೈನ್ಯಕ್ಕೆ ಎಳೆದೊಯ್ಯಲು ಹದಿನೆಂಟು ಸಾಕು, ಮತಕ್ಕೆ ಇಪ್ಪತ್ತೊಂದು ಬೇಕಿತ್ತು. ಅದು ಬದಲಾದದ್ದು 1971ರಲ್ಲಿ.

ಹಾಲ್ಡಮನ್ 1974ರಲ್ಲಿ ಪ್ರಕಟಿಸಿದ ‘ದಿ ಫಾರೆವರ್ ವಾರ್’ ಕಾದಂಬರಿಯನ್ನು ಹದಿನೆಂಟು ಪ್ರಕಾಶಕರು ತಿರಸ್ಕರಿಸಿದ್ದರು. ಕಥಾನಾಯಕ ಮಂಡೆಲ್ಲ ದೂರದ ನಕ್ಷತ್ರಗಳಿಗೆ ಬೆಳಕಿನ ವೇಗದ ಸಮೀಪದಲ್ಲಿ ಪಯಣಿಸಿ ಯುದ್ಧಮಾಡಿ ಬರುತ್ತಾನೆ. ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದಂತೆ ಅವನಿಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಭೂಮಿಯ ಮೇಲೆ ಕಾಲು ಶತಮಾನಕ್ಕಿಂತ ಹೆಚ್ಚು ಕಳೆದಿದೆ. ಮನೆಗೆ ಬಂದರೆ ತಾಯಿ ಮುದುಕಿ. ಅವಳಿಗೆ ಉಸಿರಿನ ಕಾಯಿಲೆ. ವೈದ್ಯಕೀಯ ನೆರವಿಗೆ ಸರ್ಕಾರ ಪ್ರತಿಯೊಬ್ಬ ವೃದ್ಧರಿಗೂ ಅಂಕ ನಿಗದಿ ಮಾಡಿದೆ. ಸಮಾಜಕ್ಕೆ ಎಷ್ಟು ಉಪಯುಕ್ತರೋ ಅಷ್ಟು ಅಂಕ. ಆ ತಾಯಿಯ ಅಂಕ ಸೊನ್ನೆ. ಆದುದರಿಂದ ಚಿಕಿತ್ಸೆಯಿಲ್ಲ. ಮಗ ಮಾನವಕುಲಕ್ಕಾಗಿ ಹೋರಾಡಿ ಬಂದ ವೀರನೆಂಬುದರಿಂದ ಆ ಸೊನ್ನೆಯೇನೂ ಬದಲಾಗುವುದಿಲ್ಲ. ಅವಳು ಸಾಯುತ್ತಾಳೆ; ಅವನು ಮತ್ತೆ ಸೈನ್ಯಕ್ಕೆ ಸೇರುತ್ತಾನೆ, ಹೋಗಲು ಬೇರೆ ಊರಿಲ್ಲದುದರಿಂದ. ಈ ಭಾಗವನ್ನು ಓದಿದ ‘ಅನಲಾಗ್’ ಪತ್ರಿಕೆಯ ಸಂಪಾದಕನಿಗೆ ಅದು ತೀರ ವಿಷಾದಮಯವೆನಿಸಿ, ಹಾಲ್ಡಮನ್ ಬೇರೊಂದು ಭಾಗವನ್ನು ಬರೆದುಕೊಟ್ಟ. ಮೂಲದ ಮನೆಗೆ ಮರಳುವ ಅಧ್ಯಾಯ ಎಷ್ಟೋ ವರ್ಷಗಳ ಮೇಲೆ ಪುಸ್ತಕದೊಳಗೆ ಸೇರಿತು. ರಣರಂಗದ ರಕ್ತಪಾತವೆಲ್ಲ ಅಚ್ಚಾಗಿತ್ತು. ಅಚ್ಚಾಗದೆ ಉಳಿದದ್ದು ತಾಯಿಯ ಮನೆ.

ಹೈನ್‌ಲೈನನಲ್ಲಿ ಸೇವೆಯು ಪೌರನನ್ನು ಮಾಡುತ್ತದೆ. ಹಾಲ್ಡಮನ್ನನಲ್ಲಿ ಅದು ಪರದೇಶಿಯನ್ನು ಮಾಡುತ್ತದೆ. ಮಂಡೆಲ್ಲ ಒಂದೊಂದು ಕಾಳಗ ಮುಗಿಸಿ ಬಂದಾಗಲೂ ಶತಮಾನಗಳು ಸರಿದಿರುತ್ತವೆ. ಕೊನೆಗೆ ಅವನ ಕೈಕೆಳಗಿನ ಸೈನಿಕರು ಅವನೊಡನೆ ಮಾತನಾಡಲು ಅವನ ಕಾಲದ ಹಳೆಯ ಇಂಗ್ಲಿಷನ್ನು ಪಾಠವಾಗಿ ಕಲಿಯಬೇಕಾಗುತ್ತದೆ, ನಮ್ಮ ಹುಡುಗರು ಪಂಪನನ್ನು ಓದಲು ಹಳಗನ್ನಡ ಕಲಿಯುವಂತೆ. ಯಾವ ಜನಕ್ಕಾಗಿ ಹೋರಾಡಿದನೋ ಆ ಜನವೇ ಉಳಿದಿಲ್ಲ. ಸಾವಿರಕ್ಕೂ ಮಿಕ್ಕ ವರ್ಷಗಳ ಯುದ್ಧ ಒಂದು ತಪ್ಪುಗ್ರಹಿಕೆಯಿಂದ ಆರಂಭವಾದುದೆಂದು ಅವನಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಹೈನ್‌ಲೈನನ ಪುಸ್ತಕವನ್ನು ಖಂಡಿಸಲೆಂದು ತಾನು ಇದನ್ನು ಬರೆಯಲಿಲ್ಲವೆಂದು ಹಾಲ್ಡಮನ್ ಹೇಳಿಕೊಂಡಿದ್ದಾನೆ. ಹಿರಿಯನಾದ ಹೈನ್‌ಲೈನ್ ಈ ಕಾದಂಬರಿಯನ್ನು ಮೆಚ್ಚಿಕೊಂಡನೆಂಬುದೂ ಪ್ರಸಿದ್ಧವಾಗಿದೆ. ಇಬ್ಬರು ಮಾಜಿ ಸೈನಿಕರ ನಡುವಣ ಈ ಸೌಜನ್ಯವನ್ನು ಅವರ ಪಕ್ಷ ಹಿಡಿದು ಕಾದಾಡುವ ಓದುಗರಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ.

ಹಾಲ್ಡಮನ್ನನ ಕಾದಂಬರಿ ಮುಗಿಯುವ ರೀತಿ ವಿಶಿಷ್ಟವಾಗಿದೆ. ಹೊಸ ಮಾನವಕುಲದ ನಡುವೆ ಬಾಳಲಾರದ ಹಳೆಯ ಕಾಲದವರಿಗಾಗಿ ಒಂದು ಗ್ರಹವನ್ನು ಬಿಟ್ಟುಕೊಡಲಾಗಿದೆ. ಮಂಡೆಲ್ಲನ ಜೊತೆಯಲ್ಲಿ ಯುದ್ಧ ಮಾಡಿ, ಅವನಿಂದ ಅಗಲಿದ್ದ ಮೇರಿಗೇ ಅಲ್ಲಿ ಅವನ ದಾರಿ ಕಾಯುತ್ತಾಳೆ; ಅವನು ಬರುವವರೆಗೆ ತನಗೆ ವಯಸ್ಸಾಗದಿರಲೆಂದು ನೌಕೆಯಲ್ಲಿ ಅತಿವೇಗದಿಂದ ಹೋಗಿ ಬರುತ್ತ ಕಾಲವನ್ನು ತಡೆಹಿಡಿದಿರುತ್ತಾಳೆ. ಆಮೇಲೆ ಕಥೆಯಿಲ್ಲ. ಆ ಗ್ರಹದ ಒಂದು ಸಣ್ಣ ಊರಿನ ಪತ್ರಿಕೆಯ ತುಣುಕೊಂದು ಮಾತ್ರ ಕೊನೆಯ ಪುಟದಲ್ಲಿದೆ. 3143ನೆಯ ವರ್ಷ. ಹಳೆಯ ತಲೆಮಾರಿನ ಆ ಹೆಂಗಸಿಗೆ ಕಳೆದ ಶುಕ್ರವಾರ ಹೆರಿಗೆಯಾಗಿದೆ. ಗಂಡು ಮಗು, ತೂಕ 3.1 ಕಿಲೋ.